ಶಾಫ್ಟಿಗೆ ಸುತ್ತಿದ ತಗಡು

ನನ್ನ ಅಳಿಯನಿಗೆ ಕೆಲಸ ಬರುವುದಿಲ್ಲ ಎಂದು ನಿಪ್ಪಾಣಿಯಿಂದ ಸದಲಗಾದವರೆಗೆ ಗಾಡಿ ರಿಪೇರಿ ಮಾಡುವವರೆಲ್ಲ ಹೇಳುತ್ತಾರೆ. ಅದು ಸುಳ್ಳು. ಆ ಸುಳ್ಳನ್ನು ಮೊದಲು ಹೇಳಿದವನು ನಾನು. ಹೈಸ್ಕೂಲು ಮುಗಿಸಿ ಹೊಲಕ್ಕೆ ಇಳಿದವನು, ಚೆಂದ ಮಾಡಿ ಬರೆಯಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನನಗೆ ಗಂಡು ಮಕ್ಕಳಿಲ್ಲ. ಒಬ್ಬಳೇ ಮಗಳು. ಬೋರಗಾಂವದ ಆಚೆ ದೂಧಗಂಗೆಯ ದಂಡೆಗೆ ನಮ್ಮ ಕಬ್ಬಿನ ಹೊಲ. ಮಗಳನ್ನು ಹೊರಗೆ ಕೊಟ್ಟರೆ ಹೊಲ ನೋಡುವವರು ಯಾರು ಎಂದು ಮನೆ ಅಳಿಯನನ್ನು ಹುಡುಕಿದೆ. ಕಾಗವಾಡದ ಕಡೆಯ ಒಂದು ಮನೆಯಲ್ಲಿ ನಾಲ್ಕು ಜನ ಅಣ್ಣತಮ್ಮಂದಿರು, ಹೊಲ ಒಂದು ಬಟ್ಟೆಯ ತುಂಡಿನಷ್ಟು. ಮೂರನೆಯವನು ಮಿರಜದ ಗ್ಯಾರೇಜೊಂದರಲ್ಲಿ ಏಳೆಂಟು ವರ್ಷ ಕೆಲಸ ಮಾಡಿದ್ದ. ಅವನನ್ನು ಆರಿಸಿದೆ. ಅಥಣಿ ಸಂತೆಯಿಂದ ಎತ್ತು ಹೊಡೆದುಕೊಂಡು ಬಂದ ಹಾಗೆಯೇ ಅವನನ್ನು ಕರೆದುಕೊಂಡು ಬಂದೆ. ಬಾಯಿ ತೆರೆಸಿ ಹಲ್ಲು ನೋಡಲಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಕಡೆ ಅಳಿಯ ವಯಸ್ಸಿನಲ್ಲಿ ಎಷ್ಟೇ ಚಿಕ್ಕವನಿದ್ದರೂ ಮಾವನಾದವನು 'ಬರ್ರಿ, ಕೂಡ್ರಿ' ಎನ್ನಬೇಕು. ಮದುವೆಯಾದ ಎಂಟನೆಯ ದಿನಕ್ಕೆ ನಾನು ಅವನನ್ನು 'ಲೇ' ಎಂದು ಕರೆದೆ. ನಮ್ಮ ಅನ್ನ ಉಣ್ಣುವವನಿಗೆ ಎಲ್ಲಿಯ ಬಹುವಚನ ಎಂಬುದು ನನ್ನ ಲೆಕ್ಕವಾಗಿತ್ತು. ಅವನು ಅದನ್ನು ಕೇಳಿಸಿಕೊಂಡು, ಒಂದು ಕ್ಷಣ ನಿಂತು, ಬಂದ. ಆ ಒಂದು ಕ್ಷಣ ನನಗೆ ಹಿತವಾಗಿತ್ತು.

ಹೊಲದ ಕೆಲಸವನ್ನು ಅವನು ಚೆನ್ನಾಗಿಯೇ ಮಾಡಿದ. ಆದರೆ ಊರಿನವರ ಟ್ರ್ಯಾಕ್ಟರು, ಮೋಟರ್ ಸೈಕಲ್ಲು ಕೆಟ್ಟಾಗ ಅವನನ್ನೇ ಕರೆಯುತ್ತಿದ್ದರು. ಕರೆದವರು ಅವನಿಗೆ 'ರಿ' ಹಚ್ಚಿ ಮಾತಾಡುತ್ತಿದ್ದರು. ಅದು ನನಗೆ ಸೇರುತ್ತಿರಲಿಲ್ಲ.

ಮೂರು ವರ್ಷದ ಹಿಂದಿನ ಮಾತು. ಅಧಿಕ ಮಾಸ ಹತ್ತಿರ ಬಂದಿತ್ತು. ಒಂದು ದಿನ ಊಟವಾದ ಮೇಲೆ ಅವನು ನನ್ನ ಮುಂದೆ ಬಂದು ನಿಂತ. ಬಾಗಿಲ ಹಿಂದೆ ಮಗಳು, ಅವಳ ಹಿಂದೆ ನನ್ನ ಹೆಂಡತಿ. ಮೂವರೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ತಿಳಿಯಿತು.

"ಮಾವಾರ, ರೋಡಿಗೆ ಹತ್ತಿದ್ದ ಆ ಮೂಲಿ ತುಂಡಿನ್ಯಾಗ ಒಂದ ಶೆಡ್ ಹಾಕ್ಲೇನ್ರಿ? ಅಲ್ಲಿ ಕಬ್ಬ ಹೆಂಗೂ ಬರಾಂಗಿಲ್ಲ. ಹೊಲದ ಕೆಲಸ ಬಿಡಾಂಗಿಲ್ರಿ. ಮಧ್ಯಾಹ್ನದ ಮ್ಯಾಲ ಅಷ್ಟ ಗಾಡಿ ನೋಡ್ತೀನಿ."

ಕೇಳಿದ್ದು ಇಷ್ಟೇ. ಆದರೆ ನನಗೆ ಕಂಡದ್ದು ಬೇರೆ. ನಾಳೆ ಆ ರಸ್ತೆಯಲ್ಲಿ ಹೋಗುವವರು 'ಇದು ಇಂಥವರ ಗ್ಯಾರೇಜು' ಎಂದು ಅವನ ಹೆಸರು ಹೇಳುತ್ತಾರೆ, ಮುಂದೆ ನನ್ನನ್ನು 'ಗ್ಯಾರೇಜಿನವರ ಮಾವ' ಎನ್ನುತ್ತಾರೆ. ಬೇಡ ಎಂದರೆ ಹೆಂಡತಿ ಮತ್ತು ಮಗಳು ತಿಂಗಳುಗಟ್ಟಲೆ ಮುಖ ತಿರುಗಿಸುತ್ತಾರೆ. ಅದಕ್ಕೆ ಬೇಡ ಎನ್ನಲಿಲ್ಲ.

"ನಿನಗ ಕೆಲಸ ಬರ್ತೈತಿ ಅಂತ ನಾ ಹೆಂಗ ನಂಬ್ಲಿ ಲೇ? ನಮ್ಮ ಕಾರಿನ ಕ್ಲಚ್ ಹೋಗೇತಿ. ಮನಿ ಅಂಗಳದಾಗ ಒಬ್ಬಾಂವ ಬಿಚ್ಚಿ ಹಾಕ. ಹಾಕಿದಿ, ಶೆಡ್ ನಿಂದು. ಆಗ್ಲಿಲ್ಲ, ಈ ಮಾತ ಮತ್ತ ತಗೀಬ್ಯಾಡ."

ಅವನ ಮುಖ ಅರಳಿತು. ಕ್ಲಚ್ ಹಾಕುವುದು ಅವನಿಗೆ ಎರಡು ದಿನದ ಕೆಲಸ. ಮಾವ ಒಪ್ಪಿಯೇ ಬಿಟ್ಟ ಎಂದುಕೊಂಡ.

ಇಲ್ಲಿ ಗಾಡಿಯ ಮಾತು ಸ್ವಲ್ಪ ಹೇಳಬೇಕು. ನಮ್ಮದು ಹಳೆಯ ಸಣ್ಣ ಕಾರು. ಅದರ ಗೇರ್ ಬಾಕ್ಸಿನಿಂದ ಮುಂದಿನ ಎರಡೂ ಗಾಲಿಗಳಿಗೆ ಒಂದೊಂದು ಶಾಫ್ಟ್ ಹೋಗುತ್ತದೆ. ಶಾಫ್ಟಿನ ತುದಿಯಲ್ಲಿ ಸುತ್ತಲೂ ಸಣ್ಣ ಹಲ್ಲುಗಳು. ಆ ಹಲ್ಲುಗಳು ಗಾಲಿಯ ನಡುವಿನ ಹಬ್‌ ಒಳಗೆ ಕೂತು ಗಾಲಿಯನ್ನು ತಿರುಗಿಸುತ್ತವೆ. ರಸ್ತೆಯ ಪೆಟ್ಟು ತಡೆಯುವ ಶಾಕಪ್ ಆ ಹಬ್ಬನ್ನು ಮೇಲಿನಿಂದ ಹಿಡಿದಿರುತ್ತದೆ. ಕ್ಲಚ್ ಬದಲಿಸಲು ಗೇರ್ ಬಾಕ್ಸ್ ಇಳಿಸಬೇಕು, ಅದನ್ನು ಇಳಿಸಲು ಎರಡೂ ಶಾಫ್ಟ್ ಹೊರಗೆ ಬರಬೇಕು.

ಅದಕ್ಕೂ ಎರಡು ವರ್ಷ ಮೊದಲು ಎಡಗಡೆಯ ಹಲ್ಲುಗಳು ಸವೆದು ಗಾಡಿ ಮುಂದೆ ಹೊರಡುವಾಗ ಟಕ್ ಟಕ್ ಎನ್ನುತ್ತಿತ್ತು. ಅಳಿಯನಿಗೆ ತೋರಿಸಿದರೆ ಹೊಸದು ತರಬೇಕು ಎನ್ನುತ್ತಾನೆ, ಅವನ ಮಾತು ಕೇಳಿದ ಹಾಗಾಗುತ್ತದೆ. ಅದಕ್ಕೆ ಕಬ್ಬಿನ ಟ್ರಾಲಿಗಳಿಗೆ ಬೆಸುಗೆ ಹಾಕುವವನ ಹತ್ತಿರ ಒಯ್ದೆ. ನಮ್ಮ ಕಡೆ ಹಂಗಾಮಿನಲ್ಲಿ ಟ್ರಾಲಿಯ ಏನೇ ಸಡಿಲಾಗಲಿ, ಮದ್ದು ಒಂದೇ: ತಗಡು ಸೇರಿಸಿ ಬಡಿಯುವುದು. ಕಾರ್ಖಾನೆಯ ಗೇಟಿನ ಮುಂದೆ ಸರದಿ ತಪ್ಪಬಾರದು, ಹಂಗಾಮು ದಾಟಬೇಕು, ಮುಂದಿನದು ಮುಂದೆ. ಅವನು ಕಾರಿಗೂ ಅದನ್ನೇ ಮಾಡಿದ. ಪಂಪಿನ ಎಣ್ಣೆಯ ಹಸಿರು ಡಬ್ಬಿಯನ್ನು ಕತ್ತರಿಸಿ ಪಟ್ಟಿ ಮಾಡಿ, ಶಾಫ್ಟಿನ ಹಲ್ಲುಗಳಿಗೆ ಸುತ್ತಿ, ಮೇಲೆ ಹಬ್ ಕೂರಿಸಿ ದೊಡ್ಡ ಸುತ್ತಿಗೆಯಿಂದ ಬಡಿದ. ಪಟ್ಟಿಯ ಅಂಚು ಹೊರಗೆ ಕಾಣದ ಹಾಗೆ ಒಳಗೆ ತಳ್ಳಿ ಗ್ರೀಸು ಮೆತ್ತಿದ. "ಇನ್ನ ಇದು ಸಾಯೂತನಕ ಬಿಚ್ಚೂದಿಲ್ರಿ" ಎಂದ. ಡಬ್ಬಿ ಕೊಟ್ಟವನು ನಾನು. ಅಳಿಯ ಆ ದಿನ ಕಬ್ಬು ಕಡಿಯುವವರ ಜೊತೆ ಹೊಲದಲ್ಲಿದ್ದ.

ಶೆಡ್ಡಿನ ಷರತ್ತು ಹಾಕುವಾಗ ನನಗೆ ಆ ತಗಡಿನ ನೆನಪಿತ್ತೇ? ಇತ್ತು. ಅದನ್ನು ನೆನೆದೇ ಷರತ್ತು ಹಾಕಿದೆ.

ಮೊದಲ ದಿನ ಅವನು ಹೊತ್ತೇರುವ ಮೊದಲೇ ಶುರು ಮಾಡಿದ. ಹಬ್‌ನ ದೊಡ್ಡ ನಟ್ ಸಡಿಲಿಸುವಾಗ ಮಗಳು ಒಳಗೆ ಕೂತು ಬ್ರೇಕ್ ತುಳಿದು ಹಿಡಿದಳು. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ಜಾಕ್ ಕೊಟ್ಟು, ಕೆಳಗೆ ಕಟ್ಟಿಗೆಯ ದಿಮ್ಮಿ ಇಟ್ಟು, ಗಾಲಿ ತೆಗೆದ. ಗೇರ್ ಎಣ್ಣೆ ಇಳಿಸಿದ. ಬಲಗಡೆಯ ಶಾಫ್ಟ್ ಮಧ್ಯಾಹ್ನದ ಒಳಗೆ ಹೊರಗೆ ಬಂತು. ಅದನ್ನು ಒರೆಸಿ ಗೋಣಿಚೀಲದ ಮೇಲೆ ಮಗು ಮಲಗಿಸಿದ ಹಾಗೆ ಮಲಗಿಸಿದ.

ಎಡಗಡೆಯದು ಅಲುಗಲಿಲ್ಲ. ನಟ್ಟನ್ನು ತುದಿಗೆ ತಿರುವಿ, ಮೇಲೆ ಕಟ್ಟಿಗೆಯ ತುಂಡಿಟ್ಟು ಬಡಿದ. ಡೀಸೆಲ್ ಬಿಟ್ಟು ಕಾದ. ಮತ್ತೆ ಬಡಿದ. ನಾನು ಕಟ್ಟೆಯ ಮೇಲೆ ಕೂತಿದ್ದೆ. ಪಕ್ಕದ ಮನೆಯಿಂದ ನನ್ನ ತಮ್ಮನೂ ಬಂದು ಕೂತ. ಸಂಜೆಯ ಹೊತ್ತಿಗೆ ಐದಾರು ಜನರಾದರು.

"ಏನಾತ ಲೇ?" ಎಂದೆ.

"ಸ್ವಲ್ಪ ಹಿಡದೈತ್ರಿ."

"ಅದೂ ಮನಿ ಅಳಿಯ ಆಗೇತಿ ನೋಡ. ಎಷ್ಟ ಬಡದ್ರೂ ಹೊರಗ ಹೋಗವಲ್ದು."

ಕಟ್ಟೆಯ ಮೇಲಿನವರೆಲ್ಲ ನಕ್ಕರು. ಗಾಡಿಯ ಕೆಳಗಿನಿಂದ ಅವನೂ ನಕ್ಕ. ಆ ಮಾತು ಒಂದೇ ದಿನದಲ್ಲಿ ಊರೆಲ್ಲ ತಿರುಗಿತು.

ಎರಡನೆಯ ದಿನ ಬೋರಗಾಂವಕ್ಕೆ ಹೋಗಿ ಪುಲ್ಲರ್ ಕೇಳಿ ತಂದ. ಮೂರು ಕಾಲಿನಿಂದ ಹಬ್ ಹಿಡಿದು ನಡುವಿನ ತಿರುಪಿನಿಂದ ಶಾಫ್ಟನ್ನು ದೂಡುವ ಸಾಮಾನು. ಒಂದು ಕಾಲು ಬಾಗಿತು, ಶಾಫ್ಟ್ ಬಾಗಲಿಲ್ಲ. ಬೆವರು ಒರೆಸಿಕೊಂಡು ನನ್ನ ಹತ್ತಿರ ಬಂದ.

"ಮಾವಾರ, ಇದು ತುಕ್ಕ ಅಲ್ರಿ. ತುಕ್ಕ ಇದ್ರ ಇಷ್ಟೊತ್ತಿಗೆ ಒಂದ ಕೂದಲದಷ್ಟರ ಸರೀತಿತ್ತ. ಒಳಗ ಏನೋ ಐತಿ. ಮೊದಲ ಯಾರ ಕಡೆಯರ ಏನರ ಮಾಡ್ಸಿದ್ರೇನ್ರಿ?"

ನನ್ನ ಕಣ್ಣನ್ನೇ ನೋಡಿ ಕೇಳಿದ. ನಿಜ ಹೇಳಿಬಿಡಲು ಅಲ್ಲಿ ಒಂದು ದಾರಿ ಇತ್ತು.

"ಯಾರೂ ಮುಟ್ಟಿಲ್ಲ. ಕಂಪನಿಯಿಂದ ಬಂದಂಗ ಐತಿ. ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ."

ಅವನು ತಲೆ ತಗ್ಗಿಸಿ ವಿಚಾರ ಮಾಡಿದ. ಬಳಿಕ ಇನ್ನೊಂದು ದಾರಿ ಹೇಳಿದ. "ಹಂಗಾದ್ರ ಶಾಫ್ಟ್ ಹಬ್ಬಿನ್ಯಾಗ ಇರ್ಲಿರಿ. ಶಾಕಪ್ಪಿನ ಎರಡ ಬೋಲ್ಟ್ ಬಿಚ್ಚಿ, ಹಬ್ಬು ಶಾಫ್ಟು ಎರಡೂ ಕೂಡೇ ಇಳಸ್ತೀನಿ. ಗೇರ್ ಬಾಕ್ಸಿಂದ ಈ ಕಡೆ ತುದಿ ಆರಾಮ ಬರ್ತೈತಿ. ಒಂದ ತಾಸಿನ ಕೆಲಸ."

ಹಾಗೆ ಮಾಡಿದ್ದರೆ ಕೆಲಸ ಆಗಿಬಿಡುತ್ತಿತ್ತು. ಅವನ ಬುದ್ಧಿ ಎಷ್ಟು ಚೊಕ್ಕ ಎಂದು ಆಗಲೇ ಗೊತ್ತಾಯಿತು, ಅದಕ್ಕೇ ಸಿಟ್ಟು ಬಂತು.

"ಶಾಕಪ್ ಮುಟ್ಟಿದಿ ಅಂದ್ರ ನೋಡ. ಮುಳ್ಳ ತಗೀ ಅಂದ್ರ ಕಾಲ ಕಡೀತೀನಿ ಅಂತಾನ ಇಂವ. ಶಾಫ್ಟ್ ಬಿಡಿಸಾಕ ಬಂದ್ರ ಬಿಡಸ, ಇಲ್ಲಂದ್ರ ಬರಾಂಗಿಲ್ಲ ಅನ್ನ."

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ರೊಟ್ಟಿ ಬಡಿಸುತ್ತ, "ಹೋದ ಹೋದ ವರ್ಷ ಆ ಟ್ರಾಲಿಯಂವನ ಕಡೆ ಒಯ್ದಿದ್ರೆಲ್ರಿ?" ಎಂದಳು. ಅವನಿನ್ನೂ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ. ನಾನು ಅವಳ ಕಡೆ ನೋಡಿದೆ. ಅವಳು ಒಲೆಯ ಕಡೆ ತಿರುಗಿದಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳಿಗೆ ಕಲಿಸಿದ ವಿದ್ಯೆ ಅದೊಂದೇ.

ಮೂರನೆಯ ದಿನ ಧೋಂಡೆಯ ಊಟ. ಗಡಿಯ ಈ ಕಡೆ ನಮ್ಮಲ್ಲಿಯೂ ಅಧಿಕ ಮಾಸದಲ್ಲಿ ಅಳಿಯಂದಿರನ್ನು ಕರೆಸಿ, ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ತಾಟಿನಲ್ಲಿ ಅಕ್ಕಿ ಬೆಲ್ಲದ ಮೂವತ್ಮೂರು ಅನಾರಸ ಇಟ್ಟು ಮೇಲೆ ವಸ್ತ್ರ ಮುಚ್ಚಿ ಕೊಡುತ್ತಾರೆ. ಹೂರಣ ತುಂಬಿದ ಕಡುಬಿನಂಥ ಧೋಂಡೆ ಮಾಡಿ ಉಣಿಸುತ್ತಾರೆ. ತಮ್ಮನ ಅಳಿಯ ರಾಯಬಾಗದಿಂದ ಬಂದಿದ್ದರು, ಶಾಲೆಯ ಮಾಸ್ತರು. ಊಟ ನಮ್ಮ ಪಡಸಾಲೆಯಲ್ಲಿ. ಮನೆ ಅಳಿಯನಿಗೆ ತಾಟು ಕೊಡುವ ರೂಢಿ ನಮ್ಮಲ್ಲಿ ಇರಲಿಲ್ಲ, ಮನೆಯವನಿಗೆ ಮನೆಯವರೇ ಏನು ಕೊಡುವುದು ಎಂದು. ಆ ಸಲ ಹೆಂಡತಿ ಮತ್ತು ಮಗಳು ಹಟ ಹಿಡಿದು ಅವನಿಗೂ ಒಂದು ತಾಟು ಮಾಡಿದ್ದರು. ನಾನು ಬೇಡ ಎನ್ನಲಿಲ್ಲ.

ಬೆಳಗಿನಿಂದ ಅವನು ಬಡಿಯುತ್ತಲೇ ಇದ್ದ. ಬಡಿತಕ್ಕೆ ಆ ದೊಡ್ಡ ನಟ್ ಸೀಳಿತ್ತು. ಊಟಕ್ಕೆ ಕರೆದಾಗ ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ಕೈ ತೊಳೆದು, ಒಗೆದ ಅಂಗಿ ತೊಟ್ಟು ಬಂದು ಮಾಸ್ತರ ಪಕ್ಕದ ಮಣೆಯ ಮೇಲೆ ಕೂತ. ಉಗುರಿನ ಸಂದಿಯಲ್ಲಿ ಕಪ್ಪು ಹಾಗೆಯೇ ಇತ್ತು. ಮೊದಲ ಸಲ ಮಣೆ ಸಿಕ್ಕಿತ್ತು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದ.

ಮಾಸ್ತರು ವಸ್ತ್ರ ತೆಗೆದರು: ಅನಾರಸ, ಒಂದು ಸಣ್ಣ ಬೆಳ್ಳಿಯ ದೀಪ. ಅವನೂ ವಸ್ತ್ರ ತೆಗೆದ. ತಾಟಿನಲ್ಲಿ ಅನಾರಸ ಇರಲಿಲ್ಲ. ಅವನ್ನು ನಾನು ದೇವರ ಕೋಣೆಯಲ್ಲಿ ಬೇರೆ ಪಾತ್ರೆಗೆ ಸುರಿದಿದ್ದೆ. ಸೀಳಿದ ಆ ನಟ್ ಇತ್ತು, ಮೇಲೆ ಅರಿಶಿಣ ಕುಂಕುಮ.

"ಇದ ನಿನ್ನ ಧೋಂಡೆ" ಎಂದೆ. "ಮೂರ ದಿನ ದುಡದಿ. ಹಲ್ಲಿದ್ರ ತಿನ್ನ."

ತಮ್ಮ ನಕ್ಕ. ಹೆಂಗಸರಲ್ಲಿಯೂ ಕೆಲವರು ಸೆರಗು ಬಾಯಿಗೆ ಹಿಡಿದರು. ಮಗಳು ಆರತಿಯ ತಟ್ಟೆ ಕೆಳಗಿಟ್ಟು ಒಳಗೆ ಹೋದಳು. ಅವನು ನಟ್ ತೆಗೆದುಕೊಂಡು ಹೆಬ್ಬೆರಳಿನಿಂದ ಕುಂಕುಮ ಒರೆಸಿ, ಸೀಳನ್ನು ನೋಡಿ, ಅಂಗಿಯ ಕಿಸೆಗೆ ಹಾಕಿಕೊಂಡ. ಮಾಸ್ತರು ಮಾತ್ರ ನಗಲಿಲ್ಲ. ತಮ್ಮ ತಾಟನ್ನು ಷಡ್ಡಕರಿಬ್ಬರ ನಡುವೆ ಸರಿಸಿ, "ತಗೋರಿ ಸಾಡೂ, ನನಗ ಇಷ್ಟ ತಿನ್ನಾಕ ಆಗಾಂಗಿಲ್ಲ" ಎಂದರು. ಅವನು ಒಂದು ಅನಾರಸ ತೆಗೆದುಕೊಂಡು ತಿಂದ. ಅದನ್ನು ಅಗಿಯಲು ಅವನಿಗೆ ಬಹಳ ಹೊತ್ತು ಬೇಕಾಯಿತು.

ಊಟವಾದ ಮೇಲೆ ಬಂದು, "ಆಗ್ಲಿಲ್ರಿ ಮಾವಾರ" ಎಂದ. ಅಷ್ಟು ಕೇಳಲು ನಾನು ಮೂರು ದಿನ ಕಾದಿದ್ದೆ.

ಇಲ್ಲಿಗೆ ನಿಂತಿದ್ದರೂ ಇದು ಮನೆಯೊಳಗಿನ ಪಾಪವಾಗಿ ಉಳಿಯುತ್ತಿತ್ತು. ಮರುದಿನ ಗಾಲಿ ಹಾಕಿ, ಇದ್ದಬದ್ದ ನಟ್ ಬಿಗಿದು, ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ನಿಪ್ಪಾಣಿಗೆ ಎಳೆದುಕೊಂಡು ಹೋದೆವು. ಕಾರಿನಲ್ಲಿ ಸ್ಟೇರಿಂಗ್ ಹಿಡಿದವನು ಅವನೇ. ಅಲ್ಲಿಯ ಮಿಸ್ತ್ರಿ ಹೆಸರುವಾಸಿ, ಸುತ್ತಲಿನ ಗ್ಯಾರೇಜಿನವರೆಲ್ಲ ಅವನ ಕೈಯಲ್ಲಿ ಕಲಿತವರು. ಅಳಿಯನ ಮಿರಜದ ಕೆಲಸ, ಶೆಡ್ಡಿನ ಆಸೆ, ಮೂರು ದಿನದ ಬಡಿತ, ಎಲ್ಲವನ್ನೂ ನಾನು ಹೋದ ಕೂಡಲೇ ಮಿಸ್ತ್ರಿಗೆ ಹೇಳಿದೆ. ಅವನು ಒಂದು ಸಲ ಬಡಿದು ನೋಡಿ, ಶಾಕಪ್ಪಿನ ಎರಡು ಬೋಲ್ಟ್ ಬಿಚ್ಚಿ, ಹಬ್ ಮತ್ತು ಶಾಫ್ಟ್ ಎರಡನ್ನೂ ಕೂಡಿಯೇ ಇಳಿಸಿದ. ನನ್ನ ಅಳಿಯ ಹೇಳಿದ್ದ ದಾರಿ. ಒಂದು ತಾಸೂ ಆಗಲಿಲ್ಲ. ಆಮೇಲೆ ಅದನ್ನು ಪ್ರೆಸ್ಸಿನಲ್ಲಿಟ್ಟು ಒತ್ತಿದ. ಬಂದೂಕು ಹಾರಿದ ಹಾಗೆ ಸದ್ದಾಗಿ ಶಾಫ್ಟ್ ಹೊರಗೆ ಬಿತ್ತು, ಅದರ ಜೊತೆ ಮೂರು ತಗಡಿನ ಪಟ್ಟಿ.

ಮಿಸ್ತ್ರಿ ಒಂದನ್ನು ಎತ್ತಿ ಹಿಡಿದ. "ಅರೇ ದೇವಾ. ಪತ್ರಾ ಸುತ್ತಿ ಬಡದಾರ. ಇದು ಯಾವ ಗಾಢವನ ಕೆಲಸ್ರಿ?"

ಪತ್ರಾ ಎಂದರೆ ತಗಡು, ಗಾಢವ ಎಂದರೆ ಕತ್ತೆ. ಅಲ್ಲಿ ಏಳೆಂಟು ಜನ ಇದ್ದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ವಿಚಾರ ಮಾಡಲೂ ಇಲ್ಲ. ಬಾಯಿ ತಾನಾಗಿ ಅಂದಿತು:

"ಇಂವಂದ. ನಮ್ಮ ಅಳಿಯಂದು."

ಅವನು ಮಿಸ್ತ್ರಿಯ ಕೈಯಿಂದ ಪಟ್ಟಿ ತೆಗೆದುಕೊಂಡು ಬೆಳಕಿಗೆ ಹಿಡಿದ. ಒಂದು ಅಂಚಿನಲ್ಲಿ ಹಸಿರು ಬಣ್ಣ ಇನ್ನೂ ಇತ್ತು. ಅರ್ಧ ಕತ್ತರಿಸಿದ ಆ ಡಬ್ಬಿ ನಮ್ಮ ಪಂಪಿನ ಮನೆಯಲ್ಲಿ ಎರಡು ವರ್ಷದಿಂದ ಬಿದ್ದಿತ್ತು, ಅದರಲ್ಲಿ ಅವನು ಮೊಳೆ ಇಡುತ್ತಿದ್ದ. ನನ್ನ ಕಡೆ ನೋಡಿದ. ಬಳಿಕ ಮಿಸ್ತ್ರಿಯ ಕಡೆ ತಿರುಗಿ, "ಹೌದ್ರಿ, ನಾನ ಹಾಕಿದ್ದೆ" ಎಂದ.

"ಮಿರಜದಾಗ ಇದನ್ನ ಕಲಿಸಿದ್ರೇನೋ ನಿನಗ?" ಎಂದ ಮಿಸ್ತ್ರಿ. "ತಾನ ಪತ್ರಾ ಬಡದು, ತಾನ ಮೂರ ದಿನ ಬಿಚ್ಚಾಕ ಕುಂತಿದ್ದನಂತ. ಇಂವ ಗ್ಯಾರೇಜ್ ಹಾಕಾಂವ."

ನಗು ಹತ್ತಿ ಒಬ್ಬನಿಗೆ ಕೆಮ್ಮು ಬಂತು.

ಅಳಿಯನಿಗೆ 'ಪತ್ರಾ ಮಿಸ್ತ್ರಿ' ಎಂದು ಹೆಸರು ಬಿತ್ತು. ಊರಿನ ಟ್ರ್ಯಾಕ್ಟರಿನವರು ಕರೆಯುವುದನ್ನು ಬಿಟ್ಟರು. ಪಾನಾ, ಸುತ್ತಿಗೆ ಎಲ್ಲವನ್ನೂ ಒಂದು ಚೀಲಕ್ಕೆ ಕಟ್ಟಿ ಕಾಗವಾಡದ ಅಣ್ಣನಿಗೆ ಕೊಟ್ಟು ಬಂದ. ಶೆಡ್ಡಿನ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಅವನು ಹೊಲದ ಕೆಲಸ ಮಾಡಿಕೊಂಡು ಉಳಿದ. ನನಗೆ ಬೇಕಾದದ್ದು ಅದೇ ಆಗಿತ್ತು, ಸಿಕ್ಕಿತು. ಅವನು ಹೌದೆಂದದ್ದನ್ನು ನೆನೆದು ನಾನು ಒಳಗೇ ಬೀಗುತ್ತಿದ್ದೆ. ಎಷ್ಟೇ ಅಂದರೂ ಮಾವನ ಮರ್ಯಾದೆ ಕಾಯ್ದ, ಮನೆತನದ ಗುಣ ಕಲಿತ ಎಂದುಕೊಳ್ಳುತ್ತಿದ್ದೆ.

ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡೆ. ನಾಲ್ಕು ತಿಂಗಳು ಹಾಸಿಗೆ. ನನ್ನನ್ನು ಎತ್ತಿದವನು, ತೊಳೆದವನು, ಬಟ್ಟೆ ಬದಲಿಸಿದವನು ಅವನೇ. ಹೆಂಡತಿಯ ಕೈಯಲ್ಲಿ ಆಗುತ್ತಿರಲಿಲ್ಲ. ಅವನು ಪ್ರೀತಿಯಿಂದ ಮಾಡಿದ ಎಂದು ಬರೆಯಲಾರೆ. ಕೆಲಸ ಮಾಡಿದ ಹಾಗೆ ಮಾಡಿದ, ಅಚ್ಚುಕಟ್ಟಾಗಿ, ಮುಖ ನೋಡದೆ. ಒಂದು ಮಧ್ಯಾಹ್ನ ನನ್ನನ್ನು ಮಗ್ಗಲು ಹೊರಳಿಸಿ ಬೆನ್ನಿಗೆ ಪೌಡರ್ ಹಚ್ಚುತ್ತಿದ್ದ. ಗೋಡೆಯ ಕಡೆ ಮುಖ ಇದ್ದುದರಿಂದ ಧೈರ್ಯ ಬಂತು.

"ಆ ಪತ್ರಾ ನಾ ಹಾಕ್ಸಿದ್ದೆ" ಎಂದೆ.

"ಗೊತ್ತೈತ್ರಿ."

"ಗೊತ್ತಿತ್ತು. ಆದ್ರೂ ನನ್ನ ಮಾನ ಉಳಿಸಿದಿ."

ಅವನ ಕೈ ನಿಂತಿತು. "ನಿಮ್ಮ ಮಾನಕ್ಕ ಅಲ್ರಿ. ನಾ ಅಲ್ಲ ಅಂದಿದ್ರ ಅಲ್ಲಿ ಯಾರ ನಂಬ್ತಿದ್ರು? ಹತ್ತ ಮಂದಿ ಮುಂದ ಲೇ ಅನ್ನಿಸಿಕೊಳ್ಳಾಂವನ ಮಾತ. ಮಾಡಿದ್ದೂ ಇಂವನ, ಮಾವನ ಮ್ಯಾಲ ಹಾಕಾಂವನೂ ಇಂವನ ಅಂತಿದ್ರು. ಹೌದಂದ್ರ ಒಂದ ಬೈಗಳ. ಅಲ್ಲಂದ್ರ ಎರಡ." ಮತ್ತೆ ಪೌಡರ್ ಹಚ್ಚತೊಡಗಿದ. "ಈ ಕಡೆ ಹೊಳ್ರಿ."

"ರೋಡಿನ ತುಂಡ ನಿನ್ನ ಹೆಸರಿಗೆ ಮಾಡ್ತೀನಿ. ಶೆಡ್ ಹಾಕ."

"ಹಾಕಿ? ಪತ್ರಾ ಮಿಸ್ತ್ರಿ ಕೈಯಾಗ ಗಾಡಿ ಯಾರ ಕೊಡ್ತಾರ್ರಿ?"

"ನಾ ನಿಪ್ಪಾಣಿಗೆ ಹೋಗಿ ಖರೇ ಏನ ಐತಿ ಹೇಳಿ ಬರ್ತೀನಿ."

"ಹೋಗ್ರಿ. ನಾ ಬರಾಂಗಿಲ್ಲ."

ಕೋಲು ಹಿಡಿದು ನಡೆಯಲು ಬಂದ ಮೇಲೆ ಬಸ್ಸಿಗೆ ಹೋದೆ. ಮಿಸ್ತ್ರಿ ಗುರುತು ಹಿಡಿದು ಕುರ್ಚಿ ಹಾಕಿಸಿದ. ಸುತ್ತ ಅವನ ಕೈ ಕೆಳಗಿನವರು, ಗಾಡಿ ಬಿಡಲು ಬಂದ ಇಬ್ಬರು ಗಿರಾಕಿಗಳು. ಜನ ಇರುವುದು ಒಳ್ಳೆಯದೇ ಎಂದುಕೊಂಡೆ. ಕುರ್ಚಿಯ ಮೇಲೆ ಕೂರದೆ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅಳಿಯ ಆ ತಗಡನ್ನು ಮುಟ್ಟಿಯೇ ಇರಲಿಲ್ಲ, ಹಾಕಿಸಿದವನು ನಾನು, ಗೊತ್ತಿದ್ದೂ ಮೂರು ದಿನ ಬಡಿಸಿದವನು ನಾನು, ಇಲ್ಲಿ ನಿಂತು ಸುಳ್ಳು ಹೇಳಿದವನೂ ನಾನು.

ಮಿಸ್ತ್ರಿ ಕೈಯಲ್ಲಿದ್ದ ಪಾನಾ ಕೆಳಗಿಟ್ಟು ನನ್ನನ್ನು ನೋಡಿದ. ಅವನ ಕಣ್ಣಿನಲ್ಲಿ ಮರ್ಯಾದೆ ತುಂಬಿತು. ಗಿರಾಕಿಗಳ ಕಡೆ ತಿರುಗಿ ಹೇಳಿದ:

"ನೋಡ್ರಿ, ಮಾವ ಅಂದ್ರ ಹಿಂಗಿರಬೇಕ. ಈ ವಯಸ್ಸಿನ್ಯಾಗ ಕೋಲ ಊರಕೋತ ಬಂದು ಅಳಿಯನ ತಪ್ಪ ತಮ್ಮ ಮೈಮ್ಯಾಲ ತಗೋತಾರ."

"ಇಲ್ಲೋ, ಖರೇನ ನಾ ಮಾಡಿದ್ದು" ಎಂದೆ.

"ಆತ್ರಿ ಅಜ್ಜಾರ, ಆತು. ತಿಳೀತು. ಮಗಳ ಸಂಸಾರ ಅಂದ್ರ ಕರಳ ಚುರ್ ಅಂತೈತಿ." ಒಬ್ಬನನ್ನು ಚಹಾ ತರಲು ಕಳಿಸಿದ. ಗಿರಾಕಿಗಳಲ್ಲಿ ಒಬ್ಬರು ಎದ್ದು ಬಂದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದರು.

ಚಹಾ ಬಂತು. ನಾನು ಕುರ್ಚಿಯಲ್ಲಿ ಕೂತು ಕುಡಿದೆ.